ಸಹಾಯ ಬೇಕು: ಹಳೆಯ ಕೊಲೋನ್ ಜರ್ಮನ್ ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಕೊಲೋನ್ ನಗರದ ಹೆರ್ಮನ್ ವೈನ್ಸ್‌ಬರ್ಗ್ (1518–1597) ಕುರಿತು ಕನ್ನಡದಲ್ಲಿ ದೀರ್ಘ ಲೇಖನ ಬರೆಯುತ್ತಿದ್ದೇನೆ. ಈತ ಕಾನೂನು ಓದಿದವನು, ನಗರಸಭೆಯ ಸದಸ್ಯ. ಯೌವನ, ವೃದ್ಧಾಪ್ಯ, ಕಡುಮುಪ್ಪು ಎಂದು ತನ್ನ ಬದುಕನ್ನೇ ಮೂರು ಸಂಪುಟಗಳಾಗಿ ಬರೆದಿಟ್ಟ. ಊರಿನ ರಾಜಕೀಯ, ಧರ್ಮದ ಜಗಳಗಳ ಪಕ್ಕದಲ್ಲೇ ಮನೆಯ ಊಟ, ಬಟ್ಟೆ, ಕಾಯಿಲೆ, ದ್ರಾಕ್ಷಾರಸದ ಲೆಕ್ಕ! ರಾಜರ ಚರಿತ್ರೆಯಲ್ಲಿ ಇದೆಲ್ಲ ಎಲ್ಲಿ ಸಿಗುತ್ತದೆ? ಬರೆದದ್ದು ಮನೆತನದ ಮುಂದಿನ ಯಜಮಾನರಿಗಾಗಿ; ಹೊರಗಿನವರಿಗೆ ತಿಳಿಯಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಗರದ ದಾಖಲಾಗಾರದಲ್ಲಿ ಅದು ಬೆಳಕಿಗೆ ಬಂತು. ಆ ದಾಖಲಾಗಾರದ ನಂತರದ ಕಟ್ಟಡ 2009ರ ಮಾರ್ಚ್ 3ರಂದು ಕುಸಿದದ್ದು ಹಲವರಿಗೆ ನೆನಪಿರಬಹುದು.

ಬಾನ್ ವಿಶ್ವವಿದ್ಯಾಲಯದವರು ಪೂರ್ಣ ಪಠ್ಯವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಆದರೆ ಅದು ಹದಿನಾರನೆಯ ಶತಮಾನದ ಕೊಲೋನ್ ಸೀಮೆಯ ಭಾಷೆ, ನಡುನಡುವೆ ಲ್ಯಾಟಿನ್. ನನ್ನ ಇಂದಿನ ಜರ್ಮನ್ ಅಲ್ಲಿ ಸಾಲದು.

ಜರ್ಮನಿಯಲ್ಲಿರುವ ಕನ್ನಡಿಗರಲ್ಲಿ, ಜರ್ಮನ್ ಅಧ್ಯಾಪಕರಲ್ಲಿ ಯಾರಾದರೂ ಬಾಲ್ಯ ಮತ್ತು ಶಾಲಾದಿನಗಳ ಕೆಲವು ಪುಟಗಳನ್ನು ಜೊತೆಗೆ ಕುಳಿತು ಓದಿಸಬಲ್ಲಿರಾ? ವಾರಕ್ಕೊಮ್ಮೆ ವಿಡಿಯೊ ಕರೆಯಾದರೂ ಸಾಕು. ಆ ಕಾಲದ ಕೊಲೋನ್ ನಾಣ್ಯ, ಅಳತೆಗಳನ್ನು ಬಲ್ಲವರಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ.