ಅಪ್‌ಡೇಟ್: ತಂಗಿಗೆ ಹೆರಿಗೆ ಆಯ್ತು, ಪಾಪುಗೆ ಸಿರಪ್ ಶುರುವಾಗಿದೆ

ಎಚ್‌ಐವಿ ಇದೆ ಅಂತ ಖಾಸಗಿ ಆಸ್ಪತ್ರೆಯವರು ತುಂಬು ಗರ್ಭಿಣಿ ತಂಗಿಯ ಹೆರಿಗೆ ಮಾಡಲು ಒಪ್ಪುತ್ತಿಲ್ಲ, ಏನು ಮಾಡೋದು ಅಂತ ಕೇಳಿದ್ದೆ. ಜಿಲ್ಲಾಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆ ಆಯಿತು. ಹೆಣ್ಣು ಮಗು, ಇಬ್ಬರೂ ಆರಾಮಾಗಿದ್ದಾರೆ.

ಕೆಲಸಕ್ಕೆ ಬಂದಿದ್ದು ‘ನೇರ ಐಸಿಟಿಸಿ (ಸರ್ಕಾರಿ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರ) ಕೌನ್ಸೆಲರ್ ಹತ್ತಿರ ಹೋಗಿ’ ಅಂದವರ ಸಲಹೆ. ಆ ಕೌನ್ಸೆಲರೇ ಹೆರಿಗೆ ವಾರ್ಡಿಗೆ ಮಾತಾಡಿ ಎಲ್ಲ ವ್ಯವಸ್ಥೆ ಮಾಡಿದರು. 1097 ಎಚ್‌ಐವಿ ಸಹಾಯವಾಣಿಯಿಂದಲೂ ಸರಿಯಾದ ಮಾಹಿತಿ ಸಿಕ್ಕಿತು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಹೀಗೆ ತಾರತಮ್ಯ ಮಾಡುವಂತಿಲ್ಲ ಅಂತ ಆ ಖಾಸಗಿ ಆಸ್ಪತ್ರೆಯಲ್ಲಿ ಹೇಳಿ ನೋಡಿದೆವು, ಅವರು ಜಗ್ಗಲಿಲ್ಲ. ಒಂಬತ್ತನೇ ತಿಂಗಳಲ್ಲಿ ಜಗಳಕ್ಕೆ ಸಮಯ ಎಲ್ಲಿರುತ್ತೆ? ದೂರು ಆಮೇಲೆ ಕೊಡುತ್ತೇವೆ.

ಸಿಸೇರಿಯನ್ ಆಗಲೇಬೇಕು ಅಂತ ಕೆಲವರು ಬರೆದಿದ್ದಿರಿ. ಬೇಕಾಗಲಿಲ್ಲ. ತಂಗಿ ನಾಲ್ಕನೇ ತಿಂಗಳಿಂದ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧ) ಮಾತ್ರೆ ತಪ್ಪದೆ ತಗೊಂಡಿದ್ದಾಳೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪೂರ್ತಿ ಹತೋಟಿಯಲ್ಲಿದೆ. ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45, ಸರಿಯಾದ ಚಿಕಿತ್ಸೆ ಇದ್ದರೆ ಶೇ. 5ಕ್ಕಿಂತ ಕಡಿಮೆ ಅಂತೆ. ಮಾತ್ರೆ, ಪರೀಕ್ಷೆ ಎಲ್ಲ ಉಚಿತ.

ನನಗೆ ಆಶ್ಚರ್ಯ ಆಗಿದ್ದು ಎದೆಹಾಲಿನ ವಿಷಯ. ಕೊಡಲೇಬಾರದು ಅಂದುಕೊಂಡಿದ್ದೆವು. ತಾಯಿ ಮಾತ್ರೆ ಬಿಡದಿದ್ದರೆ ಕೊಡಬಹುದಂತೆ, ಆದರೆ ಮೊದಲ 6 ತಿಂಗಳು ಬರೀ ಎದೆಹಾಲು. ಜೇನು, ಹಸುವಿನ ಹಾಲು, ಡಬ್ಬಿ ಹಾಲು ಯಾವುದನ್ನೂ ಬೆರೆಸುವಂತಿಲ್ಲ. ಅಜ್ಜಿಯನ್ನು ಒಪ್ಪಿಸೋದೇ ದೊಡ್ಡ ಕೆಲಸ ಆಯ್ತು!

ಪಾಪುಗೆ ಸೋಂಕು ತಡೆಯಲು ದಿನಾ ನೆವಿರಪಿನ್ ಸಿರಪ್, 6 ವಾರ. 6 ವಾರ ತುಂಬಿದಾಗ ಹಿಮ್ಮಡಿಯಿಂದ ರಕ್ತ ತೆಗೆದು ಮೊದಲ ಪರೀಕ್ಷೆ. ನೆಗೆಟಿವ್ ಬಂದರೂ 18 ತಿಂಗಳವರೆಗೆ ಪರೀಕ್ಷೆ ಮುಂದುವರಿಯುತ್ತೆ, ಮಧ್ಯೆ ಬಿಡಬೇಡಿ. ಮೊದಲ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.