ಹೋದ ವರ್ಷ ಸ್ಟಾರ್ಟಿಂಗ್ ಫೈವ್‌ನಲ್ಲಿದ್ದವಳು ಈಗ ಬೆಂಚ್‌ನಲ್ಲಿ: ಹೊಸ ಕೋಚ್ ಮಾಡುತ್ತಿರುವುದು ಸರಿಯೇ?

ಪ್ರಶ್ನೆ (ಹಾಸನದಿಂದ ಒಬ್ಬ ತಂದೆ):
ನಮಸ್ಕಾರ ಸರ್. ನನ್ನ ಮಗಳು ಸೆಕೆಂಡ್ ಪಿಯುಸಿ, ಕಾಲೇಜು ಬಾಸ್ಕೆಟ್‌ಬಾಲ್ ಟೀಮಿನ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವಳು. ಹೋದ ವರ್ಷ ಪ್ರತಿ ಮ್ಯಾಚ್‌ನಲ್ಲೂ ಶುರುವಿನಿಂದಲೇ ಆಡುತ್ತಿದ್ದಳು. ಈ ಸಲ ಹೊಸ ಕೋಚ್ ಬಂದಿದ್ದಾರೆ. ಮೂರು ಫ್ರೆಂಡ್ಲಿ ಮ್ಯಾಚ್ ಆಗಿವೆ, ಮೂರರಲ್ಲೂ ಬೇರೆ ಬೇರೆ ಐವರನ್ನು ಇಳಿಸಿದರು. ಮಗಳು ಮೊದಲ ಕ್ವಾರ್ಟರ್ ಪೂರ್ತಿ ಬೆಂಚ್‌ನಲ್ಲಿ. ಚಿಕ್ಕಮಗಳೂರಿನ ಟೀಮ್ ವಿರುದ್ಧ ಮೂರನೇ ಕ್ವಾರ್ಟರ್‌ನಲ್ಲಿ ಎಂಟು ಪಾಯಿಂಟ್ ಮುಂದಿದ್ದೆವು. ಆಗ ಐದೂ ಜನರನ್ನು ಒಟ್ಟಿಗೆ ತೆಗೆದು ಹೊಸಬರನ್ನು ಹಾಕಿದರು. ಮ್ಯಾಚ್ ಕೈಬಿಟ್ಟು ಹೋಯಿತು. ಕ್ರೀಡಾಕೂಟ ಹತ್ತಿರ ಬರುತ್ತಿದೆ. ನಾನು ಕೋಚ್ ಹತ್ತಿರ ಮಾತಾಡಲೇ, ಸುಮ್ಮನಿರಲೇ?

ಉತ್ತರ:
ನಮಸ್ಕಾರ ಸರ್. ಮ್ಯಾಚ್‌ನಿಂದ ಮ್ಯಾಚ್‌ಗೆ ಐವರನ್ನು ಬದಲಿಸಿ ನೋಡಿದ್ದು ನನಗೆ ತಪ್ಪಾಗಿ ಕಾಣುತ್ತಿಲ್ಲ. ಐವರನ್ನೂ ಒಟ್ಟಿಗೆ ತೆಗೆದದ್ದು ಮಾತ್ರ ತಪ್ಪೇ.

ಮಳೆಗಾಲದಲ್ಲಿ ನಮ್ಮ ಕಡೆ ಅಭ್ಯಾಸ ಹೇಗಿರುತ್ತೆ ನಿಮಗೇ ಗೊತ್ತು. ಬಯಲಿನ ಸಿಮೆಂಟ್ ಕೋರ್ಟ್, ಜಿಟಿಜಿಟಿ ಮಳೆ ಹಿಡಿದರೆ ಶೂ ಜಾರುತ್ತೆ, ಆವತ್ತಿನ ಅಭ್ಯಾಸ ಅಲ್ಲಿಗೆ ಮುಗೀತು. ಹೊಸ ಕೋಚ್‌ಗೆ ಯಾರ ಜೊತೆ ಯಾರು ಹೊಂದುತ್ತಾರೆ ಅಂತ ತಿಳಿಯಲು ಫ್ರೆಂಡ್ಲಿ ಮ್ಯಾಚ್ ಬಿಟ್ಟರೆ ಬೇರೆ ದಾರಿ ಇಲ್ಲ. ಅಲ್ಲಿ ಸೋತರೆ ನಷ್ಟವಿಲ್ಲ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಎಡವಿದರೆ ವರ್ಷವೇ ಹೋಯಿತು.

ಈಗ ಲೆಕ್ಕ ನೋಡಿ. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್, ಕೋರ್ಟ್‌ನಲ್ಲಿ ಐವರು. ಕೋಚ್ ಕೈಯಲ್ಲಿ ಇರುವುದು 200 ನಿಮಿಷ. 12 ಜನರಿಗೂ ಸಮನಾಗಿ ಹಂಚಿದರೆ ತಲಾ 17 ನಿಮಿಷವೂ ಬರಲ್ಲ, ಯಾರಿಗೂ ಕೈ ಕೂರಲ್ಲ. ಮುಖ್ಯ ಐವರಿಗೆ ತಲಾ 28 ನಿಮಿಷ, ಮೂವರು ಬದಲಿಗಳಿಗೆ ತಲಾ 20 ನಿಮಿಷ ಕೊಟ್ಟರೆ 200 ಸರಿಹೋಗುತ್ತೆ. ಕಾಲೇಜು ಟೀಮಿಗೆ ಎಂಟು, ಹೆಚ್ಚೆಂದರೆ ಒಂಬತ್ತು ಜನರ ರೊಟೇಷನ್ ಸಾಕು.

ಐವರನ್ನೂ ಒಟ್ಟಿಗೆ ತೆಗೆದರೆ ಏನಾಗುತ್ತೆ? ಬಾಲ್ ತರುವವಳು, ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಬಂದ ಬಾಲ್) ಹಿಡಿಯುವವಳು, ಡಿಫೆನ್ಸ್‌ನಲ್ಲಿ ಕೂಗಿ ಹೇಳುವವಳು, ಎಲ್ಲರೂ ಒಂದೇ ಸಲ ಹೊರಗೆ. ಒಳಗೆ ಬಂದವರ ಮೈ ಇನ್ನೂ ಬಿಸಿಯಾಗಿರಲ್ಲ. ಎದುರಿನವರು ಅದನ್ನು ನೋಡಿ ತಕ್ಷಣ ಫುಲ್ ಕೋರ್ಟ್ ಪ್ರೆಸ್ ಹಾಕುತ್ತಾರೆ, ಅಂದರೆ ಇಡೀ ಕೋರ್ಟ್‌ನಲ್ಲಿ ಮೈಮೇಲೆ ಬಂದು ತಡೆಯುತ್ತಾರೆ. ಎರಡು ಪಾಸ್ ತಪ್ಪಿದರೆ ನಾಲ್ಕು ಪಾಯಿಂಟ್ ಹೋಯಿತು, ಎಂಟರ ಲೀಡ್ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ? ಬದಲಿಸುವುದಾದರೆ ಒಬ್ಬರು, ಇಬ್ಬರು. ಪಾಯಿಂಟ್ ಗಾರ್ಡ್ ಹೊರಗೆ ಬರುವಾಗ ಬಾಲ್ ಹಿಡಿದು ಆಡಿಸಬಲ್ಲ ಇನ್ನೊಬ್ಬಳು ಒಳಗೆ ಇರಲೇಬೇಕು.

ಬೆಂಚ್‌ನಿಂದ ಬರುವುದು ಅವಮಾನ ಅಂತ ಮಗಳು ಅಂದುಕೊಳ್ಳದಿರಲಿ. ಅರ್ಜೆಂಟೀನಾದ ಮನು ಜಿನೊಬಿಲಿ ಒಲಿಂಪಿಕ್ ಚಿನ್ನ ಗೆದ್ದ ಆಟಗಾರ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಟೀಮಿನಲ್ಲಿ ಬೆಂಚ್‌ನಿಂದ ಬಂದೇ 2008ರಲ್ಲಿ ಎನ್‌ಬಿಎಯ (ಅಮೆರಿಕದ ವೃತ್ತಿಪರ ಲೀಗ್) ಸಿಕ್ಸ್ತ್ ಮ್ಯಾನ್ ಪ್ರಶಸ್ತಿ, ಅಂದರೆ ಬೆಂಚ್‌ನಿಂದ ಬರುವವರಲ್ಲಿ ಅತ್ಯುತ್ತಮ ಆಟಗಾರನ ಪ್ರಶಸ್ತಿ, ಪಡೆದರು. ಆದರೆ ಹುಡುಗಿಗೆ ಕಾರಣ ಹೇಳದೆ ಕೂರಿಸುವುದು ಸರಿಯಲ್ಲ. ಹದಿನೇಳರ ವಯಸ್ಸಿನಲ್ಲಿ ಅದು ಆಟವನ್ನೇ ಬಿಡಿಸುತ್ತೆ, ಅಂಥ ಮಕ್ಕಳನ್ನು ನೋಡಿದ್ದೇನೆ. ಕೇಳಬೇಕಾದವಳು ಅವಳೇ, ನೀವಲ್ಲ. ಮ್ಯಾಚ್ ದಿನ ಬೇಡ. ಅಭ್ಯಾಸ ಮುಗಿದ ಮೇಲೆ ಹೋಗಿ, "ಸರ್, ಈ ಟೀಮಲ್ಲಿ ನನ್ನ ಕೆಲಸ ಏನು?" ಅಂತ ಕೇಳಲಿ.

ನೀವು ಒಂದು ಹಾಳೆ ಇಟ್ಟುಕೊಳ್ಳಿ. ಮಗಳು ಒಳಗೆ ಹೋದಾಗ, ಹೊರಗೆ ಬಂದಾಗ ಸ್ಕೋರ್ ಬರೆಯಿರಿ. 12-9 ಇದ್ದಾಗ ಹೋಗಿ 18-19ಕ್ಕೆ ಬಂದರೆ ನಾವು 6, ಅವರು 10, ಅಂದರೆ ಮೈನಸ್ 4. ಒಂದು ಮ್ಯಾಚ್‌ನಲ್ಲಿ ಇದು ಏನೂ ಹೇಳಲ್ಲ. ಐದಾರು ಮ್ಯಾಚ್ ಆದ ಮೇಲೆ, ಜೊತೆಗೆ ಯಾರಿದ್ದರು ಅಂತಲೂ ಬರೆದಿದ್ದರೆ, ಯಾವ ಜೋಡಿ ಕೆಲಸ ಮಾಡುತ್ತಿದೆ ಅಂತ ಸುಮಾರಾಗಿ ಕಾಣುತ್ತೆ.

ಮರುಪ್ರಶ್ನೆ (ಅರಸೀಕೆರೆಯಿಂದ, ಹಿಂದೆ ಆಡುತ್ತಿದ್ದವರು):
ಮೇಷ್ಟ್ರೇ, ನಾನು ಒಪ್ಪಲ್ಲ. ಅದೇ ಐದು ಜನ ಆಡಿ ಆಡಿಯೇ ಹೊಂದಿಕೆ ಬರೋದು ಅಲ್ವಾ? ದಿನಕ್ಕೊಂದು ಟೀಮ್ ಆದ್ರೆ ಪಾಸ್ ಎಲ್ಲಿಗೆ ಬರುತ್ತೆ ಅಂತಾನೇ ಗೊತ್ತಾಗಲ್ಲ.

ಉತ್ತರ:
ನಿಜ ಮೇಡಂ, ಅದಕ್ಕೇ ಈ ಹುಡುಕಾಟಕ್ಕೆ ಒಂದು ಗಡುವು ಇರಬೇಕು. ಕ್ರೀಡಾಕೂಟಕ್ಕೆ ಮುಂಚಿನ ಕೊನೆಯ ಎರಡು ಫ್ರೆಂಡ್ಲಿ ಮ್ಯಾಚ್‌ಗಳಲ್ಲಿ ಅದೇ ಎಂಟು ಜನ, ಅದೇ ಕ್ರಮದಲ್ಲಿ ಆಡಬೇಕು. ಆಗಲೂ ಕೋಚ್ ಬದಲಿಸುತ್ತಲೇ ಇದ್ದರೆ ನಾನೂ ನಿಮ್ಮ ಕಡೆಗೇ. ಇನ್ನೊಂದು ಮಾತು: ಮ್ಯಾಚ್ ಯಾರಿಂದ ಶುರುವಾಯಿತು ಅನ್ನುವುದಕ್ಕಿಂತ ಕೊನೆಯಲ್ಲಿ ಯಾರಿದ್ದರು ಅಂತ ನೋಡಿ. ಕ್ವಾರ್ಟರ್‌ನಲ್ಲಿ ಒಂದು ಟೀಮಿನ ಫೌಲ್ ನಾಲ್ಕು ದಾಟಿದರೆ ಎದುರಿನವರಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ತಡೆಯದೆ ಬುಟ್ಟಿಗೆ ಎಸೆಯುವ ಅವಕಾಶ. ಆ ಹೊತ್ತಿನಲ್ಲಿ ಬಾಲ್ ಯಾರ ಕೈಯಲ್ಲಿರುತ್ತೋ ಅವಳನ್ನೇ ಕೋಚ್ ನಂಬಿದ್ದಾರೆ ಅಂತ ಅರ್ಥ. ಸರ್, ಚಿಕ್ಕಮಗಳೂರಿನ ಮ್ಯಾಚ್‌ನ ಕೊನೆಯ ಐದು ನಿಮಿಷ ಮಗಳು ಎಲ್ಲಿದ್ದಳು?

ತಂದೆ:
ಒಳಗೇ ಇದ್ದಳು ಸರ್. ಅವಳದೇ ನಾಲ್ಕು ಫೌಲ್ ಆಗಿತ್ತು. ಹೋದ ವರ್ಷವೂ ಎರಡು ಮ್ಯಾಚ್‌ನಲ್ಲಿ ಫೌಲ್ ಆಗಿಯೇ ಹೊರಗೆ ಬಂದಿದ್ದಳು.

ಉತ್ತರ:
ಹಾಗಾದರೆ ಕೋಚ್ ಲೆಕ್ಕ ನನಗೆ ಹೀಗೆ ಕಾಣುತ್ತೆ. ಒಬ್ಬಳು ಐದನೇ ಫೌಲ್ ಮಾಡಿದರೆ ಆ ಮ್ಯಾಚ್‌ನಲ್ಲಿ ಅವಳ ಆಟ ಮುಗಿಯುತ್ತೆ. ಬೇಗ ಫೌಲ್ ಮಾಡುವವಳನ್ನು ತಡವಾಗಿ ಇಳಿಸಿದರೆ ಕೊನೆಗೆ ಉಳಿಯುತ್ತಾಳೆ. ಡಿಫೆನ್ಸ್‌ನಲ್ಲಿ ಬಾಲ್‌ಗೆ ಕೈ ಚಾಚುವ ಅಭ್ಯಾಸ ಇದೆಯೇ ನೋಡಿ. ಇದ್ದರೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬರೀ ಕಾಲಿನಲ್ಲಿ ಅಡ್ಡಲಾಗಿ ಸರಿಯುತ್ತಾ ಎದುರಿನವಳ ದಾರಿ ತಡೆಯುವ ಡ್ರಿಲ್ ದಿನಾ ಹತ್ತು ನಿಮಿಷ ಮಾಡಲಿ. ಮಳೆ ಬಂದರೆ ಕಾಲೇಜಿನ ವರಾಂಡದಲ್ಲೂ ಮಾಡಬಹುದು, ನೆಲ ಒಣಗಿದ್ದರೆ ಸಾಕು.