ಸಹಾಯ ಬೇಕು: ಜಟ್‌ಲ್ಯಾಂಡ್ ಕದನದಲ್ಲಿ ಗೆದ್ದವರು ಯಾರು ಅಂತ ಹೇಳಲಿ?

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಓದುಗರ ಕೂಟದಲ್ಲಿ ಯುದ್ಧನೌಕೆಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. 1906ರ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್ ತನಕ ಸಲೀಸು: 12 ಇಂಚಿನ ಹತ್ತು ಫಿರಂಗಿ, ಉಗಿ ಟರ್ಬೈನ್, ಉಳಿದ ಹಡಗೆಲ್ಲ ಒಂದೇ ಏಟಿಗೆ ಹಳೇದಾದವು. 1916ರ ಜಟ್‌ಲ್ಯಾಂಡ್‌ಗೆ, ಅಂದರೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ಆದ ಸಮುದ್ರ ಕದನಕ್ಕೆ, ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಬ್ರಿಟಿಷರು 14 ಹಡಗು ಕಳೆದುಕೊಂಡರು, ಜರ್ಮನ್ನರು 11. ಕ್ವೀನ್ ಮೇರಿ ಎಂಬ ಬ್ರಿಟಿಷ್ ಬ್ಯಾಟಲ್‌ಕ್ರೂಸರ್ (ದೊಡ್ಡ ಫಿರಂಗಿ ಇದ್ದರೂ ಕವಚ ತೆಳುವಾಗಿರುವ ವೇಗದ ಯುದ್ಧನೌಕೆ) ಒಂದರಲ್ಲೇ 1,200ಕ್ಕೂ ಜಾಸ್ತಿ ಜನ ಸತ್ತರು. ಬೇಗ ಬೇಗ ಗುಂಡು ಹಾರಿಸೋಕೆ ಅಂತ ಈ ಹಡಗುಗಳಲ್ಲಿ ಮದ್ದಿನ ಚೀಲ ಹೊರಗೇ ಪೇರಿಸಿ, ಬೆಂಕಿ ತಡೆಯುವ ಬಾಗಿಲು ತೆರೆದಿಡುತ್ತಿದ್ದರಂತೆ!

ಆದರೂ ಬ್ರಿಟಿಷರು ಸಮುದ್ರದಲ್ಲಿ ಜರ್ಮನಿಗೆ ಹಾಕಿದ್ದ ದಿಗ್ಬಂಧನ ಸಡಿಲವಾಗಲಿಲ್ಲ. ಹಾಗಾದರೆ ದೊಡ್ಡ ಹಡಗುಗಳ ಕೆಲಸ ಕಾದಾಡುವುದೋ, ಸುಮ್ನೆ ನಿಂತು ಹೆದರಿಸುವುದೋ? ಇದನ್ನು ಸರಳವಾಗಿ ಹೇಗೆ ಹೇಳಲಿ? ಬ್ಯಾಟಲ್‌ಕ್ರೂಸರ್‌ಗೆ ಒಳ್ಳೆ ಕನ್ನಡ ಪದ ಗೊತ್ತಿದ್ದರೂ ತಿಳಿಸಿ. ‘ಸಮರನೌಕೆ’ ಅಂದರೆ ಬ್ಯಾಟಲ್‌ಶಿಪ್ (ಡ್ರೆಡ್‌ನಾಟ್‌ನಂಥ ದಪ್ಪ ಕವಚದ ಹಡಗು), ಬ್ಯಾಟಲ್‌ಕ್ರೂಸರ್ ಎರಡೂ ಒಂದೇ ಅನ್ನಿಸುತ್ತೆ, ಅಲ್ವಾ?